ಗಾಡಿ ಹಾರೋದು ಬ್ಯಾಡ, ಓಡಿದ್ರ ಸಾಕು

ಡೀಸೆಲ್ ಕಾರು ತೊಗೊಂಡವರಿಗೆ ಏಳೆಂಟು ವರ್ಷ ಆದಮ್ಯಾಲೆ ಒಂದು ಹುಚ್ಚು ಹಿಡೀತದ. 'ಪಿಕಪ್ ಕಡಿಮಿ ಆಗೇದ, ಟ್ಯೂನ್ ಮಾಡ್ಸೋಣ' ಅಂತ. ನಮ್ಮ ಮನ್ಯಾಗೂ ಈಗ ಅದೇ ಗದ್ದಲ ನಡದದ. ಅಕ್ಕನ ಮಗ ಗಂಟು ಬಿದ್ದಾನ: "ಮಾಮಾ, ಒಂದು ಬಾಕ್ಸ್ ಹಚ್ಚಿಸಿದ್ರ ಸಾಕು, ಗಾಡಿ ಹಾರ್ತದ." ನಾ ಬ್ಯಾಡ ಅಂತೀನಿ. ಯಾಕ ಅಂತ ಬರದೇ ಬಿಡ್ತೀನಿ, ನಿಮ್ಮ ಮನ್ಯಾಗೂ ಇಂಥಾ ಅಳಿಯಂದಿರು ಇರಬಹುದು.

ನಮ್ಮದು ಸ್ವಿಫ್ಟ್ ಡೀಸೆಲ್. ಫಿಯಾಟಿನವರ 1248 ಸಿಸಿ ಮಲ್ಟಿಜೆಟ್ ಇಂಜಿನ್. ಒಂದು ಕಾಲಕ್ಕ ಮಾರುತಿ, ಟಾಟಾ, ಫಿಯಾಟ್ ಮೂರೂ ಕಂಪನಿ ಗಾಡಿಯೊಳಗ ಇದೇ ಇರ್ತಿತ್ತು. 2020ರ ಏಪ್ರಿಲ್‌ದಾಗ ಬಿಎಸ್6 ಬಂದ ಕೂಡ್ಲೆ ಮಾರುತಿಯವರು ಡೀಸೆಲ್ಲೇ ಬಿಟ್ರು. ಅಂದ್ರ ಇದು ಕೆಟ್ಟ್ರ ಇಂಥಾದ್ದು ಹೊಸಾದು ಸಿಗೂದಿಲ್ಲ. ಇರೋದನ್ನ ಜ್ವಾಕಿ ಮಾಡೋದೇ ಶಾಣ್ಯಾತನ.

ಅಳಿಯನ ವಾದನೂ ಪೂರಾ ಸುಳ್ಳಲ್ಲ. "ಇದೇ ಇಂಜಿನ್ ಸ್ವಿಫ್ಟಿನ್ಯಾಗ 75 ಅಶ್ವಶಕ್ತಿ, ಎರ್ಟಿಗಾದಾಗ 90. ಅಂದ್ರ ತಾಕತ್ತು ಒಳಗ ಐತಿ, ಕಂಪನಿಯವರು ಕಟ್ಟಿ ಹಾಕ್ಯಾರ" ಅಂತಾನ. ಖರೆ, ಆದ್ರ 90ರ ಇಂಜಿನ್ನಿಗೆ ಟರ್ಬೊನೇ ಬ್ಯಾರೆ. ಅದರೊಳಗಿನ ರೆಕ್ಕಿ ವೇಗಕ್ಕ ತಕ್ಕಂಗ ಹೊಳ್ಳತಾವ, ನಮ್ಮದರಾಗ ಹಂಗಿಲ್ಲ. ಬರೇ ಲೆಕ್ಕ ಬದಲ ಮಾಡಿದ್ರ ಸಾಮಾನು ಬದಲ ಆಗ್ತದೇನು?

ಆ ಬಾಕ್ಸ್ ಮಾಡೋದರ ಏನು? ಇಂಜಿನ್ನಿನ ಕಂಪ್ಯೂಟರಿಗೆ ಸುಳ್ಳು ಹೇಳ್ತದ. ಡೀಸೆಲ್ ಕೊಳವಿ ಒಳಗಿನ ಒತ್ತಡ ಇರೋದಕ್ಕಿಂತ ಕಡಿಮಿ ಅದ ಅಂತ ತೋರಸ್ತದ. ಪಾಪ, ಅದು ನಂಬಿ ಒತ್ತಡ ಏರಿಸ್ತದ, ಡೀಸೆಲ್ ಹೆಚ್ಚು ಬೀಳ್ತದ, ಗಾಡಿ ಜಿಗೀತದ. ಆ ಡೀಸೆಲ್ಲಿಗೆ ತಕ್ಕಷ್ಟು ಗಾಳಿ ಸಿಗಲಿಲ್ಲ ಅಂದ್ರ ಕರೀ ಹೊಗಿ ಬರ್ತದ, ಒಳಗಿನ ಕಾವು ಏರ್ತದ. ಆ ಕಾವು ಹೋಗೋದು ಸೀದಾ ಟರ್ಬೊದ ಮ್ಯಾಲೆ. ಟರ್ಬೊ ನಿಮಿಷಕ್ಕ ಲಕ್ಷಕ್ಕೂ ಹೆಚ್ಚು ಸುತ್ತು ತಿರಗ್ತದ, ಅದೂ ಬರೇ ಒಂದು ತೆಳ್ಳನ ಆಯಿಲ್ ಪದರದ ಮ್ಯಾಲೆ. ಇತ್ಲಾಗ ಹೆಚ್ಚಿನ ಎಳತ ತಡಕೊಬೇಕಾದ್ದು ಕ್ಲಚ್ಚು. ಮೊದ್ಲು ಜಾರೋದೂ ಅದೇ. ಇನ್ನು ವಿಮಾದವರಿಗೆ ತಿಳಿಸಲಾರ್ದ ಇದನ್ನ ಹಚ್ಚಿಸಿದ್ರ ಕ್ಲೇಮ್ ವ್ಯಾಳ್ಯಾಕ್ಕ ತಕರಾರು ತಗೀಬಹುದು, ಅದು ಬ್ಯಾರೆ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದು ಅದ. ಹಳೇ ಗಾಡಿ ಪಿಕಪ್ ಕಳಕೊಂಡದ ಅಂದ್ರ ಅದಕ್ಕೇನೋ ಜಡ್ಡು ಬಂದದ. ಏರ್ ಫಿಲ್ಟರಿನ್ಯಾಗ ಧೂಳು ತುಂಬಿರ್ತದ, ಟರ್ಬೊದ ರಬ್ಬರ್ ಪೈಪ್ ಸೀಳಿ ಗಾಳಿ ಸೋರ್ತಿರ್ತದ, ಇಜಿಆರ್ ವಾಲ್ವಿಗೆ ಮಸಿ ಕಟ್ಟಿರ್ತದ, ಇಲ್ಲಾ ಡೀಸೆಲ್ ಫಿಲ್ಟರ್ ಕಟಗೊಂಡಿರ್ತದ. ಇವನ್ನ ನೋಡಲಾರ್ದ ಬಾಕ್ಸ್ ಹಚ್ಚೋದಂದ್ರ ಜ್ವರ ಬಂದಾವನ್ನ ಕುಸ್ತಿಗೆ ಇಳಿಸಿದಂಗ. ಎರಡು ಪಟ್ಟು ಚಂದ ಹಾಕ್ಯಾನು, ಆಮ್ಯಾಲೆ ಹಾಸಗಿ ಹಿಡೀತಾನ.

ಈ ಇಂಜಿನ್ನು 2000 ಆರ್‌ಪಿಎಂ ಕೆಳಗ ಆಲಸಿ, ಅದು ಹುಟ್ಟುಗುಣ. ನಾಕು ಮಂದಿ ಕೂತು ಎಸಿ ಹಾಕಿ ಘಾಟ್ ಏರುವಾಗ ಒಂದು ಗೇರ್ ಇಳಸ್ರಿ, ಮುಗೀತು. ಮ್ಯಾಲಿನ ಗೇರಿನ್ಯಾಗ ಹೊಯ್ಕೊಳ್ಳೋ ಹಂಗ ಎಕ್ಸಿಲೇಟರ್ ತುಳದು 'ತಾಕತ್ತಿಲ್ಲ' ಅನಬ್ಯಾಡ್ರಿ.

ಗಾಡಿಯನ್ನ ಶೋಕಿಗೆ ಇಟ್ಟಾವರು, ಕ್ಲಚ್ಚು ಟರ್ಬೊ ಬದಲ ಮಾಡ್ಸೋ ರೊಕ್ಕ ತಗದಿಟ್ಟಾವರು, ಬೇಕಾದ್ದು ಮಾಡ್ಲಿ. ಆದ್ರ ಮನಿ ಮಂದಿನ್ನ ದವಾಖಾನಿಗೆ, ಲಗ್ನಕ್ಕ, ಊರಿಗೆ ಒಯ್ಯೋ ಒಂದೇ ಗಾಡಿ ಇದ್ದಾವರು ಬಾಕ್ಸಿನ ರೊಕ್ಕದಾಗ ಆಯಿಲ್, ಫಿಲ್ಟರ್, ಪೈಪು ಹಾಕಸ್ರಿ. ಆಯಿಲ್ ಹೊತ್ತಿಗೆ ಸರಿಯಾಗಿ ಬದಲ ಮಾಡ್ರಿ, ನಡುವ ಕಡ್ಡಿ ಎಳದು ನೋಡ್ರಿ. ಹೈವೇದಾಗ ಜೋರ್ ಹೊಡದು ಬಂದು ಧಾಬಾದ ಮುಂದ ಪಟ್ಟನ ಕೀಲಿ ತಿರುವಬ್ಯಾಡ್ರಿ, ಒಂದು ನಿಮಿಷ ಹಂಗ ಚಾಲೂ ಬಿಡ್ರಿ. ಕಾದ ಟರ್ಬೊದೊಳಗ ನಿಂತ ಆಯಿಲ್ ಸುಟ್ಟು ಕರಕಾಗ್ತದ.

ಅಷ್ಟು ಮಾಡಿದಮ್ಯಾಲೂ ಜೋರ್ ಸಾಲೂದಿಲ್ಲ ಅನ್ನಾವರು ಹತ್ತು ನಿಮಿಷ ಮೊದ್ಲು ಮನಿ ಬಿಡ್ರಿ.