ರಾತ್ರಿ ಕೂಗುವ ಯಂತ್ರದ ಬಾಯಿ ಕಟ್ಟಬೇಡಿ

ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿಮುಂಬಯಿಯ ನಮ್ಮ ಹೊಟೇಲುಗಳಿಗೆ ಸ್ಮೋಕ್ ಡಿಟೆಕ್ಟರ್ ಇಂದು ಹೊಸ ವಸ್ತುವೇನಲ್ಲ. ಫೈರ್ ಎನ್‌ಒಸಿಗೆಂದು ಹಲವರು ಹಾಕಿಸಿದ್ದೇವೆ, ಕೆಲವರು ಮನೆಯಲ್ಲೂ ಇಟ್ಟುಕೊಂಡಿದ್ದೇವೆ. ಆದರೆ ತಲೆಯೆತ್ತಿ ನೋಡಿದರೆ ಕೆಲವೆಡೆ ಅದರ ಮುಖಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿರುತ್ತದೆ, ಇಲ್ಲವೇ ಅದರ ಬ್ಯಾಟರಿ ಗಲ್ಲಾಪೆಟ್ಟಿಗೆಯಲ್ಲಿರುತ್ತದೆ. ಕೇಳಿದರೆ ಉತ್ತರ ಒಂದೇ: "ರಾತ್ರಿ ಸುಮ್ಮಸುಮ್ಮನೆ ಕೂಗುತ್ತದೆ, ಹುಡುಗರಿಗೆ ನಿದ್ದೆಯಿಲ್ಲ."

ಹುಡುಗರ ದೂರು ಸುಳ್ಳಲ್ಲ. ಪಾತ್ರೆ ತೊಳೆದು, ನೆಲ ಒರೆಸಿ ಮಲಗುವಾಗ ರಾತ್ರಿ ಹನ್ನೆರಡು ದಾಟಿರುತ್ತದೆ. ಇಡ್ಲಿಗೆ ಹಬೆ ಹಾಕಲು ನಾಲ್ಕಕ್ಕೇ ಏಳಬೇಕು. ಈ ನಡುವೆ ಕಿರುಚುವ ಯಾವುದಕ್ಕಾದರೂ ಅವರು ಕೈ ಹಾಕುವುದು ಸಹಜ. ಅವರನ್ನು ಗದರಿ ಪ್ರಯೋಜನವಿಲ್ಲ. ಯಂತ್ರ ಏಕೆ ಕೂಗಿತು ಎಂದು ತಿಳಿದು ಸರಿಪಡಿಸುವುದು ಮಾಲಕರಾದ ನಮ್ಮ ಕೆಲಸ.

ಇದು ಸಣ್ಣ ವಿಷಯವಲ್ಲ. 2017ರ ಡಿಸೆಂಬರ್ 18ರ ಬೆಳಗಿನ ಜಾವ ಮುಂಬಯಿಯ ಸಾಕಿನಾಕಾ ಖೈರಾನಿ ರೋಡಿನ ಫರ್ಸಾಣ್ ಅಂಗಡಿಯೊಂದಕ್ಕೆ ಬೆಂಕಿ ಬಿದ್ದು, 12 ಕಾರ್ಮಿಕರು ಪ್ರಾಣ ಕಳೆದುಕೊಂಡರು. ಅವರು ದುಡಿಯುವ ಜಾಗದಲ್ಲೇ ಮಲಗುತ್ತಿದ್ದವರು. ಹನ್ನೊಂದು ದಿನಗಳ ಬಳಿಕ, ಡಿಸೆಂಬರ್ 29ರ ನಡುರಾತ್ರಿ ಕಳೆದ ಮೇಲೆ ಕಮಲಾ ಮಿಲ್ಸ್ ಆವರಣದ ರೆಸ್ಟೋರೆಂಟುಗಳ ಬೆಂಕಿಗೆ 14 ಮಂದಿ ಬಲಿಯಾದರು. ನಮ್ಮಲ್ಲೂ ಅಡುಗೆಕೋಣೆಯ ಮೇಲಿನ ಅಟ್ಟದಲ್ಲಿ, ಮೇಜುಗಳ ನಡುವೆ ಹುಡುಗರು ಮಲಗುತ್ತಾರೆ. ಮಲಗಿದವರನ್ನು ಹೊಗೆ ಎಬ್ಬಿಸುವುದಿಲ್ಲ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಚ್ಚರವಾಗುವ ಮೊದಲೇ ಪ್ರಜ್ಞೆ ತಪ್ಪಿಸಬಲ್ಲದು. ಎಬ್ಬಿಸಬೇಕಾದದ್ದು ಸದ್ದು. ಆ ಸದ್ದಿನ ಬಾಯಿಯನ್ನೇ ನಾವು ಕಟ್ಟುತ್ತಿದ್ದೇವೆ.

ಯಂತ್ರ ಕೂಗಿದಾಗ ಮೊದಲು ನಿಜವಾಗಿ ಬೆಂಕಿ ಇದೆಯೇ ಎಂದು ನೋಡಬೇಕು. ಇಲ್ಲವೆಂದು ಖಚಿತವಾದ ಮೇಲೆ, ಅದು ಎಂಥ ಕೂಗು ಎಂಬುದನ್ನು ಗಮನಿಸಬೇಕು. ಅರ್ಧ ನಿಮಿಷಕ್ಕೋ ನಿಮಿಷಕ್ಕೋ ಒಮ್ಮೆ ಚುಟುಕಾಗಿ 'ಚಿಂವ್' ಎಂದರೆ ಹೆಚ್ಚಾಗಿ ಬ್ಯಾಟರಿ ಮುಗಿಯುತ್ತಾ ಬಂದಿದೆ ಎಂದೇ ಅರ್ಥ. ಇದು ರಾತ್ರಿಯೇ ಏಕೆ? ತಂಪಾದಂತೆ ಬ್ಯಾಟರಿಯ ಶಕ್ತಿ ತುಸು ಕುಗ್ಗುತ್ತದೆ. ಹಗಲೆಲ್ಲ ಒಲೆಗಳ ಕಾವಿನಲ್ಲಿ ಹೇಗೋ ನಡೆದ ಹಳೆಯ ಬ್ಯಾಟರಿ, ಒಲೆ ಆರಿ ಬೆಳಗಿನ ಜಾವದ ತಂಪು ಬಂದಾಗ ಸೋಲುತ್ತದೆ. ಬೆಳಿಗ್ಗೆ ಒಲೆ ಹೊತ್ತಿದಾಗ ಕೂಗು ತಾನೇ ನಿಂತೀತು. 'ಸರಿಯಾಯಿತು' ಎಂದು ನಾವು ಮರೆತುಬಿಡುತ್ತೇವೆ. ವಿದ್ಯುತ್ತಿನಿಂದ ನಡೆಯುವ ಯಂತ್ರದೊಳಗೂ ಸಾಮಾನ್ಯವಾಗಿ ಒಂದು ಬ್ಯಾಟರಿ ಇರುತ್ತದೆ, ಅದನ್ನೂ ನೋಡಬೇಕು.

ಬಿಡದೆ ಜೋರಾಗಿ ಕೂಗಿದರೆ ಒಳಗೆ ಏನೋ ಸೇರಿದೆ. ಈಗ ಹೆಚ್ಚಾಗಿ ಸಿಗುವ ಯಂತ್ರಗಳಲ್ಲಿ ಒಂದು ಬೆಳಕಿನ ಕಿರಣವಿರುತ್ತದೆ. ಹೊಗೆಯ ಕಣ ಅದನ್ನು ಚದುರಿಸಿದಾಗ ಗಂಟೆ ಹೊಡೆಯುತ್ತದೆ. ಇಡ್ಲಿಯ ಹಬೆ, ಬಿಸಿನೀರಿನಲ್ಲಿ ನೆಲ ತೊಳೆದಾಗ ಏಳುವ ಆವಿ, ಹಿಟ್ಟಿನ ಧೂಳು, ಗಲ್ಲಾದ ಬಳಿಯ ಊದುಬತ್ತಿ, ಅಟ್ಟದಲ್ಲಿ ಹಚ್ಚಿದ ಸೊಳ್ಳೆಬತ್ತಿ ಇವೆಲ್ಲ ಅದಕ್ಕೆ ಹೊಗೆಯಂತೆಯೇ. ಜಿರಳೆ ಮರಿಯೋ ಜೇಡವೋ ಒಳಹೊಕ್ಕರೂ ಅದೇ ಫಲ. ಮಳೆಗಾಲದಲ್ಲಿ ಗಾಳಿಯ ತೇವವೇ ಸಾಕು. ಹತ್ತಿರದಲ್ಲಿ ಎಸಿ ಇದ್ದರೆ ಒಳಗೆ ನೀರಹನಿ ಕಟ್ಟುವುದೂ ಉಂಟು.

ಪರಿಹಾರ ಕಷ್ಟದ್ದಲ್ಲ. ತಿಂಗಳಿಗೊಮ್ಮೆ ಪರೀಕ್ಷಾ ಬಟನ್ ಒತ್ತಿ ನೋಡಬೇಕು, ಮೆತ್ತನೆಯ ಬ್ರಷ್ಷಿನಿಂದಲೋ ವ್ಯಾಕ್ಯೂಮ್ ಕ್ಲೀನರಿನಿಂದಲೋ ಧೂಳು ತೆಗೆಯಬೇಕು. ಒದ್ದೆ ಬಟ್ಟೆ, ಜಿರಳೆ ಸ್ಪ್ರೇ ತಾಗಿಸಬಾರದು. ಹಿಂಬದಿಯಲ್ಲಿ ತಯಾರಾದ ದಿನಾಂಕವಿರುತ್ತದೆ. ಹತ್ತು ವರ್ಷ ದಾಟಿದ್ದರೆ ರಿಪೇರಿಗೆ ಹೋಗದೆ ಬದಲಿಸುವುದೇ ಲೇಸು. ಪ್ಯಾನೆಲ್‌ಗೆ ಜೋಡಿಸಿದ ವ್ಯವಸ್ಥೆಯಾದರೆ ಎಲ್ಲಿಂದ ಕೂಗು ಬಂತು ಎಂದು ಪ್ಯಾನೆಲ್ಲೇ ತೋರಿಸುತ್ತದೆ. ದಿನಾಂಕ, ಗಂಟೆ ಬರೆದಿಟ್ಟು ನಿರ್ವಹಣೆಯವರಿಗೆ ತೋರಿಸಿದರೆ ಕಾರಣ ಬೇಗ ಸಿಗುತ್ತದೆ.

ಇನ್ನು ಜಾಗದ ಪ್ರಶ್ನೆ. ಒಲೆಯ ನೆತ್ತಿಯ ಮೇಲೆ ಸ್ಮೋಕ್ ಡಿಟೆಕ್ಟರ್ ಹಾಕಿ ಕೂಗಬೇಡ ಎಂದರೆ ಹೇಗೆ? ಅಡುಗೆಕೋಣೆಗೆ ಬೇಕಾದದ್ದು ಶಾಖಕ್ಕೆ ಎಚ್ಚರಗೊಳ್ಳುವ ಹೀಟ್ ಡಿಟೆಕ್ಟರ್. ಸ್ಮೋಕ್ ಡಿಟೆಕ್ಟರ್ ಇರಬೇಕಾದದ್ದು ಹುಡುಗರು ಮಲಗುವ ಅಟ್ಟದಲ್ಲಿ, ಹೊರಹೋಗುವ ದಾರಿಯಲ್ಲಿ, ಉಗ್ರಾಣದಲ್ಲಿ. ಒಲೆಯಿಂದ ಕನಿಷ್ಠ ಮೂರು ಮೀಟರ್ ದೂರದಲ್ಲಿ. ಅಂದಹಾಗೆ, ಇದು ಗ್ಯಾಸ್ ಸೋರಿಕೆಯನ್ನು ಹೇಳುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರವಾಗಿ ನೆಲದಲ್ಲಿ ಹರಡುವುದರಿಂದ ಅದರ ಡಿಟೆಕ್ಟರ್ ಬೇರೆ, ಅದು ನೆಲದ ಹತ್ತಿರವೇ ಇರಬೇಕು.

2006ರ ಮಹಾರಾಷ್ಟ್ರ ಅಗ್ನಿ ಪ್ರತಿಬಂಧಕ ಹಾಗೂ ಜೀವ ಸುರಕ್ಷಾ ಕಾಯಿದೆಯಡಿ ಬರುವ ಕಟ್ಟಡಗಳು ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈಯಲ್ಲಿ, ಪರವಾನಿಗೆಯುಳ್ಳ ಏಜೆನ್ಸಿಯಿಂದ 'ಬಿ' ಫಾರ್ಮ್ ಪಡೆದು ಸಲ್ಲಿಸಬೇಕು. ಇದನ್ನು ಕಾಗದದ ಕೆಲಸವೆಂದು ತಿಳಿದು ಸಹಿ ಮಾಡಿಸಿ ಮುಗಿಸುವ ಪದ್ಧತಿ ನಿಲ್ಲಬೇಕು ಎಂಬುದು ನಮ್ಮ ಅಭಿಪ್ರಾಯ. ಏಜೆನ್ಸಿಯವರು ಬಂದ ದಿನವೇ ಪ್ರತಿಯೊಂದು ಯಂತ್ರವನ್ನು ಕೂಗಿಸಿ ನೋಡೋಣ, ಬ್ಯಾಟರಿಗಳನ್ನೂ ಅಂದೇ ಬದಲಿಸೋಣ. ಹೊಸ ಬ್ಯಾಟರಿಯ ಖರ್ಚು ಒಂದು ಟೇಬಲಿನ ಬಿಲ್ಲಿಗಿಂತ ಹೆಚ್ಚಾಗದು.

ಕೊನೆಯದಾಗಿ ಒಂದು ಕಟುಮಾತು. ಬಾಡಿಗೆ ಏರಿರುವ ಈ ಊರುಗಳಲ್ಲಿ ಹುಡುಗರಿಗೆ ಬೇರೆ ಕೋಣೆ ಕೊಡುವುದು ಎಲ್ಲರಿಗೂ ಸುಲಭವಲ್ಲ, ನಾವು ಬಲ್ಲೆವು. ಆದರೂ ಅದೇ ನಮ್ಮ ಗುರಿಯಾಗಬೇಕು. ಅಲ್ಲಿಯವರೆಗೆ ಒಳಗೆ ಜನ ಮಲಗಿರುವಾಗ ಶಟರಿಗೆ ಹೊರಗಿನಿಂದ ಬೀಗ ಹಾಕುವುದನ್ನು ಯಾವ ಕಾರಣಕ್ಕೂ ಒಪ್ಪಲಾಗದು. ಕೀಲಿಕೈ ಒಳಗಿನ ಜವಾಬ್ದಾರಿಯುತ ಹುಡುಗನ ಕೈಯಲ್ಲಿರಲಿ, ಅಗ್ನಿಶಾಮಕ ದಳದ 101 ನಂಬರು ಅವನಿಗೆ ಬಾಯಿಪಾಠವಿರಲಿ. ಉಡುಪಿ, ಕುಂದಾಪುರ, ಕಾರ್ಕಳದ ಕಡೆಯ ಮನೆಯವರು ನಮ್ಮನ್ನು ನಂಬಿ ಕಳುಹಿಸಿದ ಮಕ್ಕಳಿವರು, ಈಗ ಉತ್ತರ ಭಾರತದಿಂದ ಬಂದವರೂ ಅಷ್ಟೇ. ಸದಸ್ಯ ಬಂಧುಗಳು ಇಂದು ರಾತ್ರಿ ಗಲ್ಲಾ ಮುಚ್ಚುವ ಮುನ್ನ ಒಂದು ಏಣಿ ತರಿಸಿ, ಆ ಪ್ಲಾಸ್ಟಿಕ್ ಚೀಲವನ್ನು ಬಿಚ್ಚಬೇಕಾಗಿ ವಿನಂತಿ.