ಕೆಂಪುದೀಪ ಇಳಿಯಿತು, ಗತ್ತು ಇಳಿಯಲಿಲ್ಲ

ಮುಂಬಯಿಯಲ್ಲಿ ಬಾಳುವವರಿಗೆ ಮರಾಠಿ ಬಾರದಿದ್ದರೂ ಹಿಂದಿ ಬಾರದಿದ್ದರೂ ಒಂದು ವಾಕ್ಯ ಮಾತ್ರ ಯಾವ ಭಾಷೆಯಲ್ಲಿ ಕೇಳಿದರೂ ಅರ್ಥವಾಗುತ್ತದೆ: ‘ನಾನು ಯಾರೆಂದು ನಿನಗೆ ಗೊತ್ತೇ?’ ಬ್ಯಾಂಕಿನ ಸಾಲಿನಲ್ಲಿ, ಆಸ್ಪತ್ರೆಯ ಲಿಫ್ಟಿನೆದುರು, ವಿಮಾನ ನಿಲ್ದಾಣದ ಕೌಂಟರಿನಲ್ಲಿ, ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ಕೇಳಿಬರುವ ಈ ಪ್ರಶ್ನೆ ವಾಸ್ತವವಾಗಿ ಪ್ರಶ್ನೆಯೇ ಅಲ್ಲ. ಉತ್ತರವನ್ನು ನಿರೀಕ್ಷಿಸಿ ಯಾರೂ ಇದನ್ನು ಕೇಳುವುದಿಲ್ಲ. ನಿಯಮ ನಿನಗೆ, ವಿನಾಯಿತಿ ನನಗೆ ಎಂಬ ಘೋಷಣೆಯದು. ಗಮನಿಸಬೇಕಾದ ಸಂಗತಿಯೆಂದರೆ, ಈ ಪ್ರಶ್ನೆಯನ್ನು ತನಗಿಂತ ಮೇಲಿನವರಿಗೆ ಹಾಕಿದ ಮಹನೀಯರನ್ನು ನಾನಿನ್ನೂ ಕಂಡಿಲ್ಲ. ಅದು ಸದಾ ಎದುರಿಗಿರುವ ಅತ್ಯಂತ ಕಡಿಮೆ ಸಂಬಳದವನಿಗೇ ಮೀಸಲು.

ಈ ರೋಗಕ್ಕೆ ಸರಕಾರ ಮದ್ದು ಹುಡುಕದೆ ಇರಲಿಲ್ಲ. ಕೆಂಪುದೀಪ ಸಾಂವಿಧಾನಿಕ ಹುದ್ದೆಗಳಲ್ಲಿರುವವರಿಗೆ ಮಾತ್ರ ಸಲ್ಲಬೇಕೆಂದು 2013ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಬಳಿಕ ಕೇಂದ್ರ ಸಂಪುಟವೇ ಒಂದು ಹೆಜ್ಜೆ ಮುಂದೆ ಹೋಗಿ ಮೋಟಾರು ವಾಹನ ನಿಯಮಗಳನ್ನು ತಿದ್ದಿತು. 2017ರ ಮೇ 1ರಿಂದ ರಾಷ್ಟ್ರಪತಿಗಳ ಕಾರಿಗೂ ಕೆಂಪುದೀಪವಿಲ್ಲವಾಯಿತು. ದೇಶ ಚಪ್ಪಾಳೆ ತಟ್ಟಿತು. ಏಳು ವರ್ಷಗಳ ಬಳಿಕ, 2024ರ ಜುಲೈಯಲ್ಲಿ, ಪುಣೆಯಲ್ಲಿ ಇನ್ನೂ ತರಬೇತಿಯ ಅವಧಿಯಲ್ಲಿದ್ದ ಐಎಎಸ್ ಅಧಿಕಾರಿಯೊಬ್ಬರ ಖಾಸಗಿ ಆಡಿ ಕಾರಿನ ಮೇಲೆ ದೀಪವೂ ‘ಮಹಾರಾಷ್ಟ್ರ ಶಾಸನ’ ಎಂಬ ಫಲಕವೂ ಕಾಣಿಸಿಕೊಂಡು ರಾಜ್ಯಾದ್ಯಂತ ಗದ್ದಲವೆದ್ದಿತು. ಕೆಲಸ ಕಲಿಯುವ ಮೊದಲೇ ಗತ್ತನ್ನು ಕಲಿತ ಬಗೆಯಿದು. ನಮ್ಮ ನಗರದ ಪಾರ್ಕಿಂಗ್ ತಾಣಗಳಲ್ಲಿ ಒಮ್ಮೆ ಸುತ್ತಾಡಿದರೆ ದೀಪದ ಕೆಲಸವನ್ನು ಈಗ ಗಾಜಿನ ಮೇಲಿನ ಸ್ಟಿಕರುಗಳು ವಹಿಸಿಕೊಂಡಿರುವುದು ತಿಳಿಯುತ್ತದೆ: ಪೊಲೀಸ್, ಪ್ರೆಸ್, ಅಡ್ವೊಕೇಟ್, ಯಾವುದೋ ಪಕ್ಷದ ಯಾವುದೋ ಘಟಕದ ಉಪಾಧ್ಯಕ್ಷ.

ದೀಪ ಇಳಿಯುವುದಕ್ಕೆ ತಿಂಗಳೊಂದು ಮುಂಚಿನ ಪ್ರಕರಣವನ್ನು ಓದುಗರು ಮರೆತಿರಲಾರರು. 2017ರ ಮಾರ್ಚ್ 23ರಂದು ಉಸ್ಮಾನಾಬಾದಿನ ಶಿವಸೇನಾ ಸಂಸದ ರವೀಂದ್ರ ಗಾಯಕ್ವಾಡರು ಪುಣೆಯಿಂದ ದಿಲ್ಲಿಗೆ ಏರ್ ಇಂಡಿಯಾದಲ್ಲಿ ಪ್ರಯಾಣಿಸಿದರು. ಅವರ ಬಳಿ ಬಿಸಿನೆಸ್ ದರ್ಜೆಯ ಟಿಕೆಟಿತ್ತು. ವಿಮಾನದಲ್ಲಿ ಆ ದರ್ಜೆಯೇ ಇರಲಿಲ್ಲ. ದೂರುವ ಹಕ್ಕು ಅವರಿಗೆ ಖಂಡಿತ ಇತ್ತು. ಆದರೆ ದಿಲ್ಲಿಯಲ್ಲಿ ಮಾತನಾಡಿಸಲು ಬಂದ ಹಿರಿಯ ವಯಸ್ಸಿನ ಅಧಿಕಾರಿಯೊಬ್ಬರನ್ನು ಚಪ್ಪಲಿಯಿಂದ ಇಪ್ಪತ್ತೈದು ಬಾರಿ ಹೊಡೆದೆನೆಂದು ಅವರೇ ಕ್ಯಾಮರಾಗಳ ಮುಂದೆ ಲೆಕ್ಕ ಒಪ್ಪಿಸಿದರು. ವಿಮಾನ ಸಂಸ್ಥೆಗಳು ಒಟ್ಟಾಗಿ ಅವರನ್ನು ಹತ್ತಿಸಿಕೊಳ್ಳಲು ನಿರಾಕರಿಸಿದವು. ಎರಡು ವಾರಗಳ ನಂತರ ಅವರು ಲೋಕಸಭೆಯಲ್ಲಿ ನಿಂತು ಸದನದ ಕ್ಷಮೆ ಕೇಳಿದರು. ಆ ಅಧಿಕಾರಿಯ ಕ್ಷಮೆಯನ್ನು ಮಾತ್ರ ಕೇಳುವುದಿಲ್ಲವೆಂದರು. ಸಚಿವರಿಗೆ ವಿಷಾದದ ಪತ್ರವೊಂದು ಹೋಯಿತು, ನಿಷೇಧ ತೆರವಾಯಿತು.

ನನ್ನನ್ನು ಇಂದಿಗೂ ಕಾಡುವುದು ಆ ಚಪ್ಪಲಿಗಿಂತ ಹೆಚ್ಚಾಗಿ ಆ ಕ್ಷಮೆಯಾಚನೆ. ಹೊಡೆತ ತಿಂದವನೊಬ್ಬ, ಕ್ಷಮೆ ಸಂದದ್ದು ಇನ್ನೊಬ್ಬರಿಗೆ. ಗಣ್ಯರ ಲೋಕದಲ್ಲಿ ತಪ್ಪು ಕೂಡ ಸಮಾನರ ನಡುವೆಯೇ ಇತ್ಯರ್ಥವಾಗತಕ್ಕದ್ದು. ಆದರೂ ಆ ಪ್ರಕರಣದಿಂದ ಒಂದು ಒಳಿತಾಯಿತೆಂಬುದನ್ನು ಹೇಳಲೇಬೇಕು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಶಿಸ್ತಿನ ಪ್ರಯಾಣಿಕರ ಕುರಿತ ನಿಯಮಗಳು ಬಂದವು: ಬಾಯಿಮಾತಿನ ದುರ್ವರ್ತನೆಗೆ ಮೂರು ತಿಂಗಳವರೆಗೆ, ಮೈಮುಟ್ಟಿದರೆ ಆರು ತಿಂಗಳವರೆಗೆ, ಜೀವಕ್ಕೆ ಅಪಾಯವೊಡ್ಡಿದರೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ವಿಮಾನಯಾನ ನಿಷೇಧ. ಅಲ್ಲಿ ಗತ್ತಿಗೆ ತಡೆ ಬಿದ್ದದ್ದು ಯಾರೋ ಉಪದೇಶಿಸಿದರೆಂದಲ್ಲ. ಕೌಂಟರಿನಲ್ಲಿ ಕುಳಿತವರ ಬೆನ್ನಿಗೆ ಅವರ ಸಂಸ್ಥೆಗಳೂ ಒಂದು ಕಾಗದವೂ ನಿಂತವೆಂದು.

ನಮ್ಮ ಕಟ್ಟಡಗಳ ಗೇಟಿನಲ್ಲಿ ನಿಲ್ಲುವವನ ಬೆನ್ನಿಗೆ ಯಾರಿದ್ದಾರೆ? ಪಶ್ಚಿಮ ಉಪನಗರದ ಒಂದು ಸೊಸೈಟಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಸಂದರ್ಶಕರೆಲ್ಲರೂ ಹೆಸರು ಬರೆದು, ಇಂಟರ್‌ಕಾಮಿನಲ್ಲಿ ಒಪ್ಪಿಗೆ ದೊರೆತ ಮೇಲೆಯೇ ಒಳಗೆ ಹೋಗಬೇಕೆಂದು ಅಲ್ಲಿನ ಕಮಿಟಿಯೇ ಫಲಕ ಹಾಕಿತ್ತು. ಒಂದು ಭಾನುವಾರ ಒಬ್ಬ ಸದಸ್ಯರ ಬಂಧುಗಳು ಬಂದರು. ಕಾರಿನ ಗಾಜನ್ನೂ ಇಳಿಸದೆ ಹಾರ್ನ್ ಒತ್ತಿದರು. ಕಾವಲುಗಾರ ಪುಸ್ತಕ ಹಿಡಿದು ಹೋದ. ಆಮೇಲೆ ಅದೇ ಹಳೆಯ ಪ್ರಶ್ನೆ. ಉತ್ತರ ಪ್ರದೇಶದಿಂದ ಬಂದು ಹನ್ನೆರಡು ಗಂಟೆಗಳ ಪಾಳಿಯಲ್ಲಿ ನಿಲ್ಲುವ ಆ ಹುಡುಗ, ‘ಸಾಹೇಬರೇ, ನಿಮ್ಮ ಹೆಸರು ಬರೆದರೆ ತಾನೇ ನನಗೆ ಗೊತ್ತಾಗುವುದು’ ಎಂದ. ಉದ್ಧಟತನವಿಲ್ಲದೆ, ನಿಜವಾಗಿಯೂ ವಿನಯದಿಂದಲೇ ಅಂದ. ಮಂಗಳವಾರ ಅವನ ಜಾಗದಲ್ಲಿ ಬೇರೊಬ್ಬನಿದ್ದ. ಏಜೆನ್ಸಿಗೆ ಹೋದದ್ದು ಒಂದೇ ಒಂದು ಫೋನ್ ಕರೆ. ಮಹಾರಾಷ್ಟ್ರದಲ್ಲಿ ಖಾಸಗಿ ಕಾವಲುಗಾರರ ಉದ್ಯೋಗ ಮತ್ತು ಕಲ್ಯಾಣಕ್ಕೆಂದೇ 1981ರಿಂದ ಕಾನೂನೊಂದಿದೆ, ಮಂಡಳಿಯೂ ಇದೆ. ಆದರೆ ಏಜೆನ್ಸಿ ಕಳಿಸಿದ ಹುಡುಗನನ್ನು ‘ಬದಲಿಸಿ’ ಎನ್ನಲು ಯಾರೂ ಕಾರಣ ಬರೆದುಕೊಡಬೇಕಾಗಿಲ್ಲ.

ಹೊಸದಾಗಿ ಬಂದವನು ಪುಸ್ತಕವನ್ನು ಮೇಜಿನ ಮೇಲೆಯೇ ಇಟ್ಟುಕೊಂಡ. ದೊಡ್ಡ ಕಾರು ಬಂದರೆ ಎದ್ದು ಸಲಾಮು ಹೊಡೆದು ಗೇಟು ತೆರೆಯುತ್ತಾನೆ. ಊಟದ ಪೊಟ್ಟಣ ತರುವ ಹುಡುಗನನ್ನು ಮಾತ್ರ ಹತ್ತು ನಿಮಿಷ ನಿಲ್ಲಿಸುತ್ತಾನೆ. ಅವನಿಗೂ ಯಾರ ಮೇಲಾದರೂ ಗತ್ತು ತೋರಿಸಬೇಕಲ್ಲ. ಗತ್ತು ಮೇಲಿನಿಂದ ಕೆಳಕ್ಕೆ ಹರಿಯುವುದು ಹೀಗೆ. ಕಚೇರಿಗಳಲ್ಲಿಯೂ ಇದೇ ಕ್ರಮ: ಸಾಹೇಬರು ಸಭೆಗೆ ಮುಕ್ಕಾಲು ಗಂಟೆ ತಡವಾಗಿ ಬಂದರೆ ಮ್ಯಾನೇಜರು ನಗುತ್ತಾರೆ, ಮ್ಯಾನೇಜರು ಗುಮಾಸ್ತನ ರಜೆಯ ಅರ್ಜಿಯನ್ನು ಮೂರು ದಿನ ಮೇಜಿನ ಮೇಲಿಟ್ಟುಕೊಳ್ಳುತ್ತಾರೆ, ಗುಮಾಸ್ತ ಪ್ಯೂನನನ್ನು ಎರಡನೆಯ ಬಾರಿ ಚಹಕ್ಕೆ ಅಟ್ಟುತ್ತಾನೆ. ಆ ಮುಕ್ಕಾಲು ಗಂಟೆಯ ಬೆಲೆ ತೆರುವವರು ವಿರಾರಿನ ಅಥವಾ ಕಲ್ಯಾಣದ ವೇಗದ ಲೋಕಲ್ ತಪ್ಪಿಸಿಕೊಂಡು ರಾತ್ರಿ ಮನೆ ಸೇರುವವರು.

ದೇವರ ಮುಂದಾದರೂ ಇದು ನಿಂತೀತೆಂದರೆ ಅದೂ ಇಲ್ಲ. 1934ರಿಂದ ನಡೆದುಬಂದ ಲಾಲ್‌ಬಾಗಿನ ಗಣಪತಿಯ ಮುಂದೆ ಸಾಮಾನ್ಯ ಭಕ್ತರು ಗಂಟೆಗಟ್ಟಲೆ ನಿಂತು ಕ್ಷಣಾರ್ಧದಲ್ಲಿ ದೂಡಿಸಿಕೊಂಡು ಮುಂದೆ ಸಾಗುತ್ತಿರಲು, ಗಣ್ಯರು ಬೇರೆ ದಾರಿಯಿಂದ ಬಂದು ಛಾಯಾಚಿತ್ರ ತೆಗೆಸಿಕೊಳ್ಳುವ ದೃಶ್ಯಗಳನ್ನು ನಾವು ಕಾಣುತ್ತಲೇ ಇದ್ದೇವೆ. ಇದನ್ನು ಓದಿ ನಮ್ಮವರು ತಲೆದೂಗುವ ಮೊದಲು ನಮ್ಮ ಸಮಾರಂಭಗಳ ಕಡೆಗೂ ಒಮ್ಮೆ ನೋಡಬೇಕು. ಮುಂದಿನ ಸಾಲಿನ ಸೋಫಾಗಳು ಯಾರಿಗೆ? ಶಾಲು, ಫಲ, ಸ್ಮರಣಿಕೆಗಳ ವಿತರಣೆ ಎಷ್ಟು ಹೊತ್ತು, ಶಾಸ್ತ್ರ ಪ್ರವಚನ ಎಷ್ಟು ಹೊತ್ತು? ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಜ್ಞಾನದ ಬೆನ್ನಿಗೇ ಬರುವುದು ಪೂಜೆಯ ಮದ, ಅಂದರೆ ಜನರು ತನಗೆ ಕೊಡುವ ಗೌರವದಿಂದ ಏರುವ ಅಮಲು. ಆ ಅಮಲನ್ನು ವೇದಿಕೆಯ ಮೇಲೆ ಬಟ್ಟಲಿಗೆ ಸುರಿದುಕೊಡುವವರು ನಾವೇ. ಪರ್ಯೂಷಣದಲ್ಲಿ ಉತ್ತಮ ಮಾರ್ದವದ ದಿನ ಮೃದುತ್ವದ ಕುರಿತು ಭಾಷಣ ಮಾಡಲು ಬರುವ ಅತಿಥಿಗಾಗಿ ವೃದ್ಧೆಯರನ್ನು ಮುಂದಿನ ಸಾಲಿನಿಂದ ಎಬ್ಬಿಸುವುದೂ ಉಂಟು.

ಈ ನಗರಕ್ಕೆ ಬೇರೆ ರೀತಿ ಗೊತ್ತಿಲ್ಲವೆಂದಲ್ಲ. ಮಾಟುಂಗಾ ನಿಲ್ದಾಣದ ಬಳಿ 1942ರಲ್ಲಿ ಆರಂಭವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಟೋಕನ್ ಹಿಡಿದು ಸರದಿ ಬರುವವರೆಗೆ ಕಾಯುವುದು ವಾಡಿಕೆ. ಒಬ್ಬರ ಪಕ್ಕ ಇನ್ನೊಬ್ಬರು ಬಾಳೆಯೆಲೆಯ ಮುಂದೆ ಕೂರುತ್ತಾರೆ, ಸಾರು ಎಲ್ಲರಿಗೂ ಒಂದೇ. 2003ರ ನವೆಂಬರಿನಲ್ಲಿ ಬ್ರಿಟನ್ನಿನ ಯುವರಾಜ ಚಾರ್ಲ್ಸರು ಡಬ್ಬಾವಾಲಾಗಳನ್ನು ಕಾಣಬಯಸಿದಾಗ, ಭೇಟಿಯ ವೇಳೆಯನ್ನು ನಿರ್ಧರಿಸಿದ್ದು ಅರಮನೆಯಲ್ಲ, ಊಟದ ಡಬ್ಬಿಗಳು. ಚರ್ಚ್‌ಗೇಟಿನಲ್ಲಿ, ಕೆಲಸದ ನಡುವಣ ಸ್ವಲ್ಪ ಬಿಡುವಿಗೆ ಹೊಂದುವಂತೆ ಯುವರಾಜರೇ ಬಂದರು. ಅದರಿಂದ ಅವರ ಘನತೆಗೆ ಯಾವ ಕುಂದೂ ಬಂದಂತಿಲ್ಲ.

ಆದುದರಿಂದ ಒಂದು ಸಣ್ಣ ಸೂಚನೆ. ನಮ್ಮ ಸೊಸೈಟಿಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕೆಂಬುದು ಕಾನೂನು. ಬಣ್ಣ ಬಳಿಸುವ, ನೀರಿನ ಟ್ಯಾಂಕರ್ ತರಿಸುವ ಚರ್ಚೆಗಳ ನಡುವೆ ಈ ಬಾರಿ ಇನ್ನೊಂದು ಗೊತ್ತುವಳಿಯನ್ನೂ ಮಂಡಿಸೋಣ: ಕಮಿಟಿಯೇ ಮಾಡಿದ ನಿಯಮವನ್ನು ಪಾಲಿಸಿದ್ದಕ್ಕಾಗಿ ಯಾವ ಕಾವಲುಗಾರನನ್ನೂ ಬದಲಿಸತಕ್ಕದ್ದಲ್ಲ, ಬದಲಿಸಬೇಕೆನ್ನುವ ಸದಸ್ಯರು ಕಾರಣವನ್ನು ಬರೆದು, ಸಹಿ ಹಾಕಿ ಕೊಡಬೇಕು, ಆ ಪತ್ರವನ್ನು ನೋಟಿಸ್ ಬೋರ್ಡಿನಲ್ಲಿ ಒಂದು ವಾರ ಹಚ್ಚಬೇಕು. ಅನುಮೋದಿಸಲು ಯಾರು ಕೈ ಎತ್ತುತ್ತಾರೆ, ಯಾರು ಆ ಹೊತ್ತಿಗೆ ಫೋನ್ ಬಂತೆಂದು ಹೊರನಡೆಯುತ್ತಾರೆ ಎಂಬುದನ್ನು ಕಾದುನೋಡಬಹುದು.