ಇಪ್ಪತ್ನಾಲ್ಕು ಮನೆ, ಒಂದೇ ಬ್ಲಾಕು

ಮಾರಿಕುಪ್ಪಂನಿಂದ ಬೆಳಿಗ್ಗೆ ಹೊರಡುವ ಬೆಂಗಳೂರಿನ ರೈಲಿನಲ್ಲಿ, ಬಂಗಾರಪೇಟೆ ಬರುವಷ್ಟರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಲ್ಲಿಂದೀಚೆಗೆ ಕೆಜಿಎಫ್‌ನ ಎಷ್ಟೋ ಮನೆಗಳ ಅನ್ನ ಇರುವುದು ಈ ರೈಲಿನ ಇನ್ನೊಂದು ತುದಿಯಲ್ಲಿ. ನಾನೂ ಅದರಲ್ಲೇ ಹೋಗಿಬರುತ್ತೇನೆ. ಕೆಲಸ, ಆಟೋಕ್ಯಾಡ್‌ನಲ್ಲಿ ನಕ್ಷೆ ಬರೆಯುವುದು. ಸಾಹಿತ್ಯದ ಪುಟದಲ್ಲಿ ಡ್ರಾಫ್ಟ್ಸ್‌ಮನ್‌ಗೇನು ಕೆಲಸ ಅನ್ನಬೇಡಿ. ನನ್ನ ತಕರಾರು ಒಂದು ಮೂಲ ಮತ್ತು ಅದರ ಪ್ರತಿಗಳ ಬಗ್ಗೆ. ಅದು ನಿಮ್ಮದೂ ಹೌದು.

ಕ್ಯಾಡ್ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಬಾಗಿಲನ್ನೋ ಕಿಟಕಿಯನ್ನೋ ಇಡೀ ಮನೆಯನ್ನೋ ಒಮ್ಮೆ ಬರೆದು ಹೆಸರು ಕೊಟ್ಟು ಇಟ್ಟರೆ ಅದು ಬ್ಲಾಕು. ಆಮೇಲೆ ಬೇಕಾದ ಕಡೆ ಅದನ್ನು ಕೂರಿಸುತ್ತಾ ಹೋಗಬಹುದು. ಪ್ರತಿಯಲ್ಲಿ ಗೆರೆಗಳಿರುವುದಿಲ್ಲ, ‘ಇಂಥ ಹೆಸರಿನದು, ಇಂಥ ಜಾಗದಲ್ಲಿ, ಇಷ್ಟು ದೊಡ್ಡದಾಗಿ, ಇಷ್ಟು ತಿರುಗಿಸಿ’ ಎಂಬ ಸೂಚನೆ ಮಾತ್ರ. ಗೆರೆಗಳೆಲ್ಲ ಮೂಲದಲ್ಲಿ. ಮೂಲ ತಿದ್ದಿದರೆ ಎಲ್ಲ ಪ್ರತಿಗಳೂ ಬದಲು. ಈ ಆಲೋಚನೆ 1963ರಲ್ಲಿ ಐವಾನ್ ಸದರ್‌ಲ್ಯಾಂಡ್ ಎಂಐಟಿಯಲ್ಲಿ ರೂಪಿಸಿದ ‘ಸ್ಕೆಚ್‌ಪ್ಯಾಡ್’ನಷ್ಟು ಹಳೆಯದು. ಬುದ್ಧಿವಂತ ಆಲೋಚನೆಯೇ. ನನ್ನ ಜಗಳ ಅದನ್ನು ಎಲ್ಲಿ ಬಳಸುತ್ತೇವೆ ಅನ್ನುವುದರ ಬಗ್ಗೆ.

ಕೆಲವು ವರ್ಷಗಳ ಹಿಂದೆ ನಾನಿದ್ದ ಆಫೀಸಿಗೆ ಗಣಿ ಕಾರ್ಮಿಕರ ಒಂದು ಲೈನಿನ ಮೋರಿಗೆ ನಕ್ಷೆ ಮಾಡುವ ಕೆಲಸ ಬಂತು. ಇಪ್ಪತ್ನಾಲ್ಕು ಮನೆ. ನಮ್ಮೂರಿನವರು ಅಂತ ಅಳತೆಗೆ ನನ್ನನ್ನೇ ಕಳಿಸಿದರು. ಕಟ್ಟಿದಾಗ ಎಲ್ಲವೂ ಒಂದೇ ಅಚ್ಚು: ಒಂದು ಕೋಣೆ, ಒಂದು ಅಡುಗೆ ಮೂಲೆ, ಮುಂದೊಂದು ಚೂರು ಜಗಲಿ. ಟೇಪು ಹಿಡಿದು ನಡೆದಾಗ ಒಂದೂ ಇನ್ನೊಂದರ ಹಾಗಿರಲಿಲ್ಲ. ಒಬ್ಬರು ಜಗಲಿಯನ್ನು ಕೋಣೆ ಮಾಡಿ ಮಗನ ಮದುವೆ ಮಾಡಿದ್ದರು. ಒಂದು ಕಡೆ ಮೆಟ್ಟಿಲು ಒಡೆದು ಇಳಿಜಾರು ಹಾಕಿದ್ದರು. ಒಳಗೆ ಗಣಿಯ ದೂಳು ಕುಡಿದ ಎದೆಯೊಂದು ಏದುಸಿರು ಬಿಡುತ್ತಿತ್ತು. ಮತ್ತೊಬ್ಬ ಅಜ್ಜಿ ಸಾರ್ವಜನಿಕ ಕಕ್ಕಸಿಗೆ ರಾತ್ರಿ ಹೋಗಲಾಗದೆ ಹಿತ್ತಲಲ್ಲಿ ತಗಡು ಹೊದಿಸಿ ಬಚ್ಚಲು ಕಟ್ಟಿಸಿಕೊಂಡಿದ್ದರು.

ಎಲ್ಲವನ್ನೂ ಬರೆದೆ. ಮೇಲಿನವರು ನೋಡಿ ನಕ್ಕರು. ‘ಒಂದು ಬ್ಲಾಕು ಮಾಡು, ಇಪ್ಪತ್ನಾಲ್ಕು ಸಲ ಹಾಕು, ಸಂಜೆಯೊಳಗೆ ಮುಗಿಸು’ ಅಂದರು. ಹಾಗೇ ಮಾಡಿದೆ. ತಪ್ಪು ನನ್ನದೂ ಹೌದು. ಮೋರಿಯ ಗೆರೆ ಆ ಅಜ್ಜಿಯ ಬಚ್ಚಲಿನ ನಡುವಿನಿಂದಲೇ ಹೋಯಿತು. ಸುಣ್ಣದ ಗುರುತು ಹಾಕಲು ಬಂದವರು ಅಜ್ಜಿಗೆ ಕಾಗದ ತೋರಿಸಿ, ‘ಇಲ್ಲಿ ಬಚ್ಚಲೇ ಇಲ್ಲವಲ್ಲ’ ಅಂದರಂತೆ. ಕೊನೆಗೆ ಮೋರಿ ಎರಡಡಿ ಪಕ್ಕಕ್ಕೆ ಸರಿಯಿತು. ಸರಿಸಿದ್ದು ನಕ್ಷೆಯಲ್ಲ, ಬೀದಿಯ ಹೆಂಗಸರ ಜಗಳ.

ಇದು ಹೊಸದೇನಲ್ಲ. ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ, ಆದರೆ ಬ್ಲಾಕು ಇತ್ತು. ಲೈನ್ ಮನೆ ಅಂದರೆ ಅದೇ. ವಿಚಿತ್ರ ನೋಡಿ, ಮನೆಗಳೆಲ್ಲ ಒಂದೇ ಇರಲಿ ಅಂದವರಿಗೆ ಮನುಷ್ಯರು ಮಾತ್ರ ಬೇರೆಬೇರೆಯಾಗಿ ಗೊತ್ತಾಗಬೇಕಿತ್ತು. ಬೆರಳಚ್ಚು ತೆಗೆದು ನೋಂದಾಯಿಸುವ ಪದ್ಧತಿ ತಂದರು. ಅದರ ವಿರುದ್ಧ 1930ರಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ಹಿಡಿಯುವುದಕ್ಕೆ ಬೇಕಾದಾಗ ಪ್ರತಿಯೊಬ್ಬನೂ ಬೇರೆ. ಕೊಡುವುದಕ್ಕೆ ಬಂದಾಗ ಎಲ್ಲರೂ ಒಂದೇ. ನಮ್ಮ ಬ್ಲಾಕುಗಳಲ್ಲೂ ಇದೇ ನಡೆ. ಮನೆಯ ಬ್ಲಾಕಿಗೆ ‘ಆಟ್ರಿಬ್ಯೂಟ್’ ಜೋಡಿಸಿ ಪ್ರತಿ ಮನೆಗೂ ಬೇರೆ ನಂಬರು, ಬೇರೆ ಹೆಸರು ಕೊಡುತ್ತೇವೆ. ಅಲ್ಲಿ ಯಾರಿಗೂ ಬೇಸರವಿಲ್ಲ. ಗೋಡೆ ಬೇರೆ ಅಂದಾಗ ಮಾತ್ರ ಹೊತ್ತಾಗುತ್ತದೆ.

ಎದುರು ವಾದ ನನಗೂ ಗೊತ್ತು. ಬ್ಲಾಕಿದ್ದರೆ ಫೈಲು ಹಗುರ, ಎಣಿಕೆ ಸುಲಭ, ನಾಳೆ ಬದಲಾವಣೆ ಬಂದರೆ ಒಂದೇ ಕಡೆ ತಿದ್ದಿದರಾಯಿತು. ಎಲ್ಲ ನಿಜ. ಇಲ್ಲೇ ಬೆಮೆಲ್ ಕಾರ್ಖಾನೆ ಇದೆ, ಮಣ್ಣು ಅಗೆಯುವ, ದೂಡುವ ಯಂತ್ರ ಮಾಡುತ್ತದೆ. ಅಲ್ಲಿ ಬೋಲ್ಟು ಅಂದರೆ ಬೋಲ್ಟು. ಒಂದಕ್ಕೆ ಸ್ವಂತಿಕೆ ಬಂದರೆ ಯಾರದೋ ಕೈ ಹೋಗುತ್ತದೆ. ಬುಲ್ಡೋಜರಿನ ಬೋಲ್ಟುಗಳೆಲ್ಲ ಒಂದೇ ಇರಬೇಕು. ಬುಲ್ಡೋಜರಿನ ಎದುರು ನಿಂತ ಮನೆಗಳು ಹಾಗಲ್ಲ. ಬೋಲ್ಟಿನ ನಕ್ಷೆ ಹೇಳುವುದು ಮುಂದೆ ಹೇಗಿರಬೇಕು ಅಂತ. ಅಳತೆಯ ನಕ್ಷೆ ಹೇಳಬೇಕಾದ್ದು ಈಗ ಹೇಗಿದೆ ಅಂತ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸೋಮಾರಿತನ, ಅದಕ್ಕೆ ‘ಸ್ಟ್ಯಾಂಡರ್ಡ್’ ಅಂತ ಹೆಸರಿಡುವುದು ಅಪ್ರಾಮಾಣಿಕತನ.

ಕೆಲವು ಹುಡುಗರು ಇದಕ್ಕೊಂದು ಅಡ್ಡದಾರಿ ಹಿಡಿಯುತ್ತಾರೆ: ‘ಎಕ್ಸ್‌ಪ್ಲೋಡ್’. ಬ್ಲಾಕು ಒಡೆದು ಬಿಡಿ ಗೆರೆ ಮಾಡಿ ಬೇಕಾದ ಹಾಗೆ ತಿದ್ದುವುದು. ಸ್ವಾತಂತ್ರ್ಯದ ಹಾಗೆ ಕಾಣುತ್ತದೆ. ಒಡೆದ ಮನೆ ಮತ್ತೆ ಎಣಿಕೆಗೆ ಸಿಗುವುದಿಲ್ಲ, ಅದು ಮನೆ ಅನ್ನುವುದೂ ಕಂಪ್ಯೂಟರಿಗೆ ಗೊತ್ತಿರುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ಸಾದಾ ಎಕ್ಸ್‌ಪ್ಲೋಡ್ ಮಾಡಿದ ಕೂಡಲೇ ಆಟ್ರಿಬ್ಯೂಟಿನಲ್ಲಿ ತುಂಬಿದ ವಿವರ ಅಳಿಸಿಹೋಗಿ ಅದರ ಶೀರ್ಷಿಕೆ ಮಾತ್ರ ಉಳಿಯುತ್ತದೆ. ಅಜ್ಜಿಯ ಹೆಸರಿದ್ದ ಜಾಗದಲ್ಲಿ ‘ಹೆಸರು’ ಅಂತ ನಿಂತಿರುತ್ತದೆ. ಸಂಬಂಧ ಕಡಿದುಕೊಂಡು ಬೇರೆಯಾಗುವುದರ ಬೆಲೆ ಇದು.

ದಾರಿ ಇಲ್ಲವೇ? ಇದೆ. ಆಟೋಕ್ಯಾಡ್ 2006ರಿಂದ ಡೈನಮಿಕ್ ಬ್ಲಾಕು ಇದೆ. ಮೂಲದಲ್ಲೇ ‘ಜಗಲಿ ತೆರೆದದ್ದು, ಜಗಲಿ ಮುಚ್ಚಿದ್ದು’ ಎಂದು ಅವಕಾಶ ಇಟ್ಟರೆ ಪ್ರತಿಯೊಂದೂ ತನಗೆ ಬೇಕಾದ ರೂಪ ತಾಳಬಹುದು, ಮೂಲದ ನಂಟೂ ಉಳಿಯುತ್ತದೆ. ಹಾಗೆ ಬದಲಾದ ಪ್ರತಿಗೆ ತಂತ್ರಾಂಶ ಒಳಗೊಳಗೇ ಒಂದು ನಕ್ಷತ್ರ ಚಿಹ್ನೆ, ‘ಯು’ ಅಕ್ಷರ, ಒಂದು ಸಂಖ್ಯೆ ಸೇರಿಸಿ ಅನಾಮಧೇಯ ಹೆಸರು ಕೊಡುತ್ತದೆ. ಆದರೆ ಮೂಲ ಬರೆದವನು ಊಹಿಸಿದ ಬದಲಾವಣೆಗೆ ಮಾತ್ರ ಇಲ್ಲಿ ಜಾಗ. ಅಜ್ಜಿಯ ತಗಡಿನ ಬಚ್ಚಲನ್ನು ಯಾವ ಮೂಲವೂ ಊಹಿಸಿರುವುದಿಲ್ಲ. ಅಂಥ ಕಡೆ ಬ್ಲಾಕಿನ ಪ್ರತಿ ತೆಗೆದು, ಹೊಸ ಹೆಸರು ಕೊಟ್ಟು, ಕೂತು ತಿದ್ದಬೇಕು. ಹತ್ತು ನಿಮಿಷದ ಕೆಲಸ. ಇಪ್ಪತ್ನಾಲ್ಕು ಮನೆಗೆ ನಾಲ್ಕು ಗಂಟೆ. ಆ ನಾಲ್ಕು ಗಂಟೆಯನ್ನು ಉಳಿಸಿದ್ದು ಯಾರು, ಕಳೆದುಕೊಂಡದ್ದು ಯಾರು ಎಂದು ಕೇಳಿಕೊಳ್ಳಿ.

ಓದುವವರಿಗೂ ಒಂದು ಮಾತು. ಕೆಜಿಎಫ್‌ನವರು ಅಂದ ಕೂಡಲೇ ಕಾಲೇಜು ಹುಡುಗರು ನನ್ನೆದುರು 2018ರ ಆ ಸಿನಿಮಾದ ಡೈಲಾಗು ಹೊಡೆಯುತ್ತಾರೆ. ಅದಕ್ಕೂ ಮುಂಚಿನವರಿಗೆ ಇದು ‘ಮಿನಿ ಇಂಗ್ಲೆಂಡ್’ ಆಗಿತ್ತು. ಎರಡೂ ಬ್ಲಾಕುಗಳೇ. ಒಂದು ಮೂಲ ಬರೆದು ಊರಿನ ಎಲ್ಲರ ಮೇಲೂ ಕೂರಿಸಿದ್ದು. ಕತೆ ಬರೆಯುವವರು ಲೈನ್ ಮನೆಯ ಬಡವ, ತಮಿಳು ಮಾತಾಡುವ ಕಾರ್ಮಿಕ, ಕೆಮ್ಮುವ ಅಜ್ಜ ಎಂದು ಕೂರಿಸುತ್ತಾ ಹೋದಾಗಲೂ ನನಗೆ ಆ ಸಂಜೆಯ ನಕ್ಷೆಯೇ ನೆನಪಾಗುತ್ತದೆ.

ಮೊನ್ನೆ ಆ ಲೈನಿಗೆ ಹೋಗಿದ್ದೆ. ಅಜ್ಜಿ ಬಚ್ಚಲಿಗೆ ಇಟ್ಟಿಗೆ ಗೋಡೆ ಕಟ್ಟಿಸಿದ್ದಾರೆ. ಹಳೇ ಫೈಲು ನನ್ನ ಹತ್ತಿರ ಇನ್ನೂ ಇದೆ. ಯಾರೂ ಕೇಳಿಲ್ಲ, ದುಡ್ಡೂ ಬರುವುದಿಲ್ಲ. ಈಗ ಒಂದೊಂದೇ ಮನೆ ತಿದ್ದುತ್ತಿದ್ದೇನೆ. ಒಂಬತ್ತು ಮುಗಿದಿವೆ.